ಎಡಗೈಯ ಟಗರುಕೊಂಬು

ಮೈರಮ್‌ಕುಲ್‌ಗೆ ಕೂತಲ್ಲಿ ಕೂರಲು ಬರುವುದಿಲ್ಲ. ಚಹಾ ಕುಡಿಯುವಾಗಲೂ ಅವಳ ಒಂದು ಮೊಣಕಾಲು ನೆಲ ಬಿಟ್ಟಿರುತ್ತದೆ. ಮದುವೆಮನೆಯಲ್ಲಿ ಎಲ್ಲರೂ ಹಾಡು ಕೇಳುತ್ತಿದ್ದರೆ ಅವಳು ಮೇಜಿನ ಬಟ್ಟೆಯ ಅಂಚನ್ನು ಬೆರಳಲ್ಲಿ ಹಿಡಿದು, ಹೊಲಿಗೆ ಎಂಥದೆಂದು ನೋಡುತ್ತಿರುತ್ತಾಳೆ. ಬೆಟ್ಟಗಳ ನಡುವಿನ ನಮ್ಮ ಊರು ಕೋಚ್ಕೋರಿನಲ್ಲಿ ಗಾಳಿ ನಿಲ್ಲುವುದು ಅಪರೂಪ. ಅದು ನಿಂತ ದಿನ, "ಇವತ್ತು ಮೈರಮ್‌ಕುಲ್ ಎಲ್ಲೋ ಕೂತ್ಕೊಂಡಿರ್ಬೇಕು," ಎಂದು ಓಣಿಯವರು ನಗುತ್ತಾರೆ.

ಅವಳು ಎಡಚಿ. ಸೂಜಿ, ಚಾಕು, ಸೌಟು ಎಲ್ಲವೂ ಎಡಗೈಯಲ್ಲೇ. ಸೊಸೆಯಾಗಿ ಬಂದ ಹೊಸತರಲ್ಲಿ ಅವಳು ಎಡಗೈಯಿಂದ ಚಹಾ ನೀಡಿದಾಗ ಅತ್ತೆ ಸೈರಾಕಾನ್ ಆಪಾ ಆ ಬಟ್ಟಲನ್ನು ತೆಗೆದು ಅವಳ ಬಲಗೈಗೆ ಇಟ್ಟು, "ಕೊಡೋದು ಈ ಕೈಲಿ ಕಣೇ ಕೆಲಿನ್. ಹೊಲಿಯೋದು ಯಾವ ಕೈಲಾದ್ರೂ ಹೊಲ್ಕೋ," ಎಂದಿದ್ದರು. ಕೆಲಿನ್ ಎಂದರೆ ಸೊಸೆ. ಈಗ ಮಕ್ಕಳು ಬೆಳೆದಿದ್ದಾರೆ, ಮೈರಮ್‌ಕುಲ್‌ಳ ಕಿವಿಯ ಪಕ್ಕದ ಕೂದಲು ನರೆತಿದೆ. ಆದರೂ ಅತ್ತೆಗೆ ಅವಳು ಕೆಲಿನ್ನೇ. ಅವಳಿಗೆ ಅತ್ತೆ ಆಪಾ. ಅತ್ತೆಯ ಹೆಸರನ್ನು ಅವಳು ಒಮ್ಮೆಯೂ ಬಾಯಿಬಿಟ್ಟು ಹೇಳಿದವಳಲ್ಲ. ಗಂಡನ ಕಡೆಯ ಹಿರಿಯರ ಹೆಸರನ್ನು ನಮ್ಮಲ್ಲಿ ಸೊಸೆಯರು ಹೇಳುವುದಿಲ್ಲ.

ಸೈರಾಕಾನ್ ಆಪಾ ಶಿರ್ದಾಕ್, ಅಂದರೆ ಉಣ್ಣೆಯ ನೆಲಹಾಸು, ಕೊಯ್ಯುವವರು. ಉಣ್ಣೆಯನ್ನು ಬಡಿದು, ಬಿಸಿನೀರು ಹುಯ್ದು, ಜೊಂಡಿನ ಚಾಪೆಯಲ್ಲಿ ಸುತ್ತಿ, ತುಳಿದು ಗಟ್ಟಿ ಹಾಸು ಮಾಡುವುದಕ್ಕೆ ಓಣಿಯ ಯಾರ ಕಾಲಾದರೂ ಆದೀತು. ಅಂಚು ಹೊಲಿಯಲು ಯಾರ ಕೈಯಾದರೂ ನಡೆದೀತು. ಕೊಯ್ಯುವುದು ಹಾಗಲ್ಲ. ಕೆಂಪು ಹಾಸಿನ ಮೇಲೆ ನೀಲಿ ಹಾಸನ್ನು ಹರಡಿ, ಸೋಪಿನ ಚೂರಿನಿಂದ ಗೆರೆ ಎಳೆದು, ಎರಡನ್ನೂ ಒಟ್ಟಿಗೇ ಕೊಯ್ಯಬೇಕು. ಕೆಂಪಿನಿಂದ ಬಂದ ಟಗರುಕೊಂಬಿನ ಚಿತ್ತಾರ ನೀಲಿಯ ಹೊಟ್ಟೆಗೆ, ನೀಲಿಯದು ಕೆಂಪಿನ ಹೊಟ್ಟೆಗೆ. ಒಂದು ಕೊಯ್ತದಲ್ಲಿ ಅವಳಿ ಶಿರ್ದಾಕ್ ಹುಟ್ಟುತ್ತವೆ, ಒಂದು ಚೂರೂ ಹಾಳಾಗುವುದಿಲ್ಲ. ಚಾಕು ಜಾರಿದರೆ ಎರಡೂ ಕೆಟ್ಟವು. ಆಪಾ ಕೊಯ್ದ ಕೊಂಬನ್ನು ನೋಡಿದರೆ ಈಗಷ್ಟೇ ಟಗರೊಂದು ತಲೆ ಎತ್ತಿತು ಎನ್ನಿಸುತ್ತಿತ್ತು. ದುಂಡಗೆ, ನೆಟ್ಟಗೆ, ಸ್ವಲ್ಪ ಜಂಬದಲ್ಲಿ.

ಮೈರಮ್‌ಕುಲ್‌ಳ ಚಡಪಡಿಕೆ ಹುಟ್ಟಿನಿಂದ ಬಂದದ್ದು. ಅದಕ್ಕೊಂದು ಮೊನೆ ಮೂಡಿದ್ದು ರಾಜಧಾನಿ ಬಿಷ್ಕೆಕ್‌ನ ಒಂದು ಅಂಗಡಿಯಲ್ಲಿ. ಗಂಡ ಜೋಲ್ದೋಶ್ ಕೋಚ್ಕೋರಿಗೂ ಬಿಷ್ಕೆಕ್‌ಗೂ ನಡುವೆ ವ್ಯಾನು ಓಡಿಸುತ್ತಾನೆ. ಹಲ್ಲು ಕೀಳಿಸಲು ಅವನ ಜೊತೆ ಹೋದವಳು, ಊದಿದ ಕೆನ್ನೆಯನ್ನು ಹಿಡಿದುಕೊಂಡು ವಾಪಸು ಬರುವಾಗ, ಅಂಗಡಿಯ ಗಾಜಿನ ಹಿಂದೆ ತಾನು ಹೊಲಿದ ಶಿರ್ದಾಕನ್ನು ಕಂಡಳು. ಅದಕ್ಕೊಂದು ಚೀಟಿ ಅಂಟಿಸಿದ್ದರು. ಚೀಟಿಯಲ್ಲಿ ಯಾರೋ ಪಟ್ಟಣದ ಹುಡುಗಿಯ ನಗುವ ಫೋಟೋ, ಇವಳೇ ಕೈಯಾರೆ ಮಾಡಿದ್ದು ಎಂಬ ಒಕ್ಕಣೆ. ಪಕ್ಕದಲ್ಲಿದ್ದ ಮೆಷಿನ್ನಿನ ಹಾಸಿಗೂ ಅದೇ ಹುಡುಗಿ, ಅದೇ ನಗು.

ಮೈರಮ್‌ಕುಲ್ ಒಳಗೆ ಹೋಗಿ, "ಇದು ನಾನು ಹೊಲಿದಿದ್ದು," ಎಂದಳು.

ಮಾರುವವಳು ಅವಳ ಕೆನ್ನೆಯನ್ನು ನೋಡಿದಳು, ಚೀಟಿಯನ್ನು ತಿರುಗಿಸಿ ನೋಡಿದಳು. ಒರಟಾಗಿ ಅಲ್ಲ, ನಿಜವಾಗಿ ತಿಳಿಯದವಳಂತೆ, "ಎಲ್ಲಿ ಬರ್ದಿದೆ, ಎಜೆ?" ಎಂದು ಕೇಳಿದಳು.

ಅಕ್ಕ ಎಂದೇ ಕರೆದು ಕೇಳಿದ ಆ ಪ್ರಶ್ನೆ ಹಲ್ಲುನೋವಿಗಿಂತ ಹೆಚ್ಚು ಕಾಲ ಉಳಿಯಿತು.

ಹಾಗಾಗಿ ಎಮಿಲ್ ಎಂಬ ತರುಣ ಬಿಷ್ಕೆಕ್‌ನಿಂದ ಬಂದು ನಮ್ಮ ಹೆಂಗಸರ ಸಂಘದಲ್ಲಿ ಬ್ಲಾಕ್‌ಚೈನ್ ಎಂಬುದರ ಬಗ್ಗೆ ಹೇಳಿದ ದಿನ, ಉಳಿದವರು ಚಹಾಕ್ಕೂ ಕರಿದ ಬೋರ್ಸೋಕ್‌ಗೂ ಬಂದಿದ್ದರೆ ಮೈರಮ್‌ಕುಲ್ ಅವನ ಮಾತಿಗೆ ಬಂದಿದ್ದಳು. ಪ್ರತಿ ಶಿರ್ದಾಕಿನ ಮೂಲೆಗೆ ಒಂದು ಬಟ್ಟೆಯ ಗುರುತು ಹೊಲಿಯುವುದು. ಕೊಂಡವರು ಅದಕ್ಕೆ ಫೋನು ತೋರಿಸಿದರೆ ಯಾರ ಕುರಿಯ ಉಣ್ಣೆ, ಯಾರು ತುಳಿದರು, ಯಾರು ಕೊಯ್ದರು, ಯಾರು ಹೊಲಿದರು, ಎಲ್ಲ ಕಾಣುತ್ತದೆ. ಬರೆದ ಪ್ರತಿ ಸಾಲೂ ಹಿಂದಿನ ಸಾಲಿಗೆ ಕಟ್ಟಿಕೊಂಡಿರುತ್ತದೆ. ಅದರ ನಕಲು ಎಲ್ಲೆಲ್ಲಿಯದೋ ಕಂಪ್ಯೂಟರುಗಳಲ್ಲಿ ಕೂತಿರುತ್ತದೆ. ಒಬ್ಬರು ಒಂದು ಕಡೆ ಅಳಿಸಿದರೆ ಉಳಿದವು ಒಪ್ಪುವುದಿಲ್ಲ.

"ಅರ್ಥ ಆಯ್ತು," ಎಂದು ಹಿಂದಿನಿಂದ ಒಬ್ಬಳು ಕೂಗಿದಳು. "ಗುಲ್ಬಾರ್ಚಿನ್ ಎಜೆ ಕಿವೀಲಿ ಒಂದು ಮಾತು ಹಾಕಿದ ಹಾಗೆ. ಸಂಜೆಯೊಳಗೆ ಮನೆಮನೆಗೂ ಹೋಗಿರುತ್ತೆ, ಆಮೇಲೆ ಯಾರೂ ವಾಪಸ್ ತಗೊಳಕ್ಕಾಗಲ್ಲ."

ಗುಲ್ಬಾರ್ಚಿನ್ ಸಂಘದ ಅಧ್ಯಕ್ಷೆ. ಎಲ್ಲರಿಗಿಂತ ಜೋರಾಗಿ ನಕ್ಕವಳೂ ಅವಳೇ. ನಗು ನಿಂತ ಮೇಲೆ ಕೇಳಿದಳು, "ಅಲ್ಲಪ್ಪಾ, ನಮ್ಮ ಮೇಲೆ ಅಷ್ಟು ಅಪನಂಬಿಕೆನಾ? ನಾವೇನು ಕಳ್ಳಿಯರಾ?"

ಎಮಿಲ್ ಉತ್ತರಿಸುವ ಮೊದಲೇ ಮೈರಮ್‌ಕುಲ್ ಎದ್ದಿದ್ದಳು. "ನಂಬಿದ್ದು ಅಂಗಡಿಯವರನ್ನ, ಎಜೆ. ಅದಕ್ಕೇ ನನ್ನ ಹೊಲಿಗೆ ಇನ್ಯಾರದೋ ಹಲ್ಲಿನ ಕೆಳಗೆ ನೇತಾಡ್ತಿತ್ತು. ನನಗೆ ಇದು ಬೇಕು. ಆದ್ರೆ ಬರೆದ ಮೇಲೆ ಯಾರ ಕೈಲೂ ಅಳಿಸಕ್ಕಾಗ್ಬಾರ್ದು. ನಿಮ್ಮ ಕೈಲೂ ಆಗ್ಬಾರ್ದು, ನನ್ನ ಕೈಲೂ ಆಗ್ಬಾರ್ದು."

ಬರೆಯುವ ಕೆಲಸ ಸಹಜವಾಗಿಯೇ ಅವಳ ತಲೆಗೆ ಬಂತು. ಹ್ಯಾಂಬರ್ಗ್ ಊರಿನಲ್ಲಿ ಅಂಗಡಿ ಇಟ್ಟುಕೊಂಡಿರುವ ಕಾತ್ರಿನ್ ಎಂಬಾಕೆ ನಮ್ಮ ಶಿರ್ದಾಕ್ ತರಿಸಿಕೊಳ್ಳಲು ಶುರುಮಾಡಿದಳು. ಯಾರದೋ ಮನೆಯ ಹಾಸಿನ ಮೂಲೆಯಲ್ಲಿ ತಮ್ಮ ಹೆಸರು ಇದೆ ಎಂದು ಹೆಂಗಸರು ಬಜಾರಿನಲ್ಲಿ ಸ್ವಲ್ಪ ನೆಟ್ಟಗೆ ನಡೆಯುವುದನ್ನು ಕಲಿತರು.

ಹೋದ ಚಳಿಗಾಲದಲ್ಲಿ ಆಪಾರ ಬಲಗೈ ನಡುಗತೊಡಗಿತು. ಮೊದಲು ಗೊತ್ತಾದದ್ದು ಸದ್ದಿನಿಂದ. ಚಹಾದ ಬಟ್ಟಲು ಮೇಜಿಗೆ ತಾಗಿ ಟಿಕಟಿಕ ಎನ್ನುತ್ತಿತ್ತು. ನಮ್ಮಲ್ಲಿ ಬಟ್ಟಲು ತುಂಬ ಚಹಾ ಹುಯ್ಯುವ ರೂಢಿಯಿಲ್ಲ. ಮೈರಮ್‌ಕುಲ್ ಅದಕ್ಕಿಂತ ಇನ್ನೂ ಸ್ವಲ್ಪ ಕಡಿಮೆ ಹುಯ್ಯತೊಡಗಿದಳು. ಜೋಲ್ದೋಶ್ ರೇಡಿಯೋದ ದನಿ ಏರಿಸತೊಡಗಿದ.

ಕೊಯ್ಯುವ ಮೊದಲು ನಮ್ಮಲ್ಲಿ ಹೇಳುವ ಒಂದು ಮಾತಿದೆ. ಹಿರಿಯಳು ಹಾಸಿನ ಮೇಲೆ ಅಂಗೈ ಇಟ್ಟು, "ನನ್ನ ಕೈಯಲ್ಲ, ಉಮಾಯ್ ತಾಯಿಯ ಕೈ," ಎಂದು, ಹೆಂಗಸರನ್ನು ಕಾಯುವ ಆ ದೇವಿಯ ಹೆಸರು ಹೇಳಿ ಮೊದಲ ಗೀರು ಹಾಕುತ್ತಾಳೆ. ಆಮೇಲೆ ಚಾಕು ಯಾರ ಕೈಗೆ ಹೋದರೂ ಅದು ಆ ಹಿರಿಯಳ ಕೊಯ್ತವೇ. ಯಾರು ಕೊಯ್ದದ್ದು ಎಂದು ಕೇಳಿದರೆ ಅವಳ ಹೆಸರನ್ನೇ ಹೇಳುತ್ತಾರೆ. ಅದನ್ನು ಸುಳ್ಳು ಎಂದು ನಮ್ಮಲ್ಲಿ ಯಾರೂ ಅಂದುಕೊಂಡಿರಲಿಲ್ಲ. ಅದು ಮರ್ಯಾದೆ.

ಆ ಚಳಿಗಾಲದ ಕೊನೆಯಲ್ಲಿ ಒಂದು ದಿನ ಆಪಾ ಕೆಂಪು ನೀಲಿ ಹಾಸುಗಳ ಮೇಲೆ ಅಂಗೈ ಇಟ್ಟರು. ಮಾತು ಹೇಳಿದರು. ಗೀರು ಹಾಕಿದರು. ಆಮೇಲೆ ಚಾಕುವಿನ ಹಿಡಿಯನ್ನು ಸೊಸೆಯ ಕಡೆ ತಿರುಗಿಸಿ, "ಹಿಡಿ," ಎಂದಷ್ಟೇ ಹೇಳಿ ಒಲೆಯ ಪಕ್ಕ ಹೋಗಿ ಕೂತು, ಬೆನ್ನು ತಿರುಗಿಸಿ ಉಣ್ಣೆ ಬಿಡಿಸತೊಡಗಿದರು. ಒಮ್ಮೆಯೂ ತಿರುಗಿ ನೋಡಲಿಲ್ಲ. ಮೈರಮ್‌ಕುಲ್ ಕೊಯ್ದಳು. ಅವಳ ಕೊಂಬುಗಳು ಕೆಟ್ಟಿರಲಿಲ್ಲ. ಆದರೆ ಎಡಗೈಯ ಚಾಕು ತನ್ನ ದಾರಿ ತಾನು ಹಿಡಿಯುತ್ತದೆ. ಕೊಂಬುಗಳೆಲ್ಲ ಒಂದೇ ಕಡೆಗೆ ಸ್ವಲ್ಪ ವಾಲಿದ್ದವು, ನಮ್ಮ ರಸ್ತೆಬದಿಯಲ್ಲಿ ಗಾಳಿಗೆ ಬಾಗಿದ ಪಾಪ್ಲರ್ ಮರಗಳಂತೆ.

ಶಿರ್ದಾಕ್ ಹೊಲಿದು ಮುಗಿದ ದಿನ ಅವಳು ಫೋನು ತೆಗೆದಳು. ಕೊಯ್ದವರು ಯಾರು ಎಂದು ಅದು ಕೇಳಿತು. ಅವಳ ಹೆಬ್ಬೆರಳು ತಡೆಯಲೇ ಇಲ್ಲ. ಸೈರಾಕಾನ್ ಎಂದು ಬರೆಯಿತು. ಬಾಯಿ ಎಂದೂ ಹೇಳದ ಹೆಸರನ್ನು ಬೆರಳು ಬರೆದುಬಿಟ್ಟಿತ್ತು. ಅದು ಮಾತ್ರ ಅವಳಿಗೆ ಒಂದು ಗಳಿಗೆ ವಿಚಿತ್ರವೆನಿಸಿತು, ಬೇರೇನೂ ಅಲ್ಲ. ವಸಂತ ಕಳೆದು ಬೇಸಿಗೆ ಮುಗಿಯುವವರೆಗೂ ಹಾಗೆಯೇ ಬರೆದಳು. ಬಿಳಿ ತಲೆವಸ್ತ್ರದಲ್ಲಿದ್ದ ಆಪಾರ ಫೋಟೋ ಆ ಶಿರ್ದಾಕುಗಳ ಜೊತೆ ಹ್ಯಾಂಬರ್ಗ್‌ಗೆ ಹೋಯಿತು. ಅಜ್ಜಿಯ ಕೈಕೆಲಸ ಇಲ್ಲಿಯವರಿಗೆ ತುಂಬ ಮೆಚ್ಚುಗೆ ಎಂದು ಕಾತ್ರಿನ್ ಬರೆದಳು.

ಆಲೂಗಡ್ಡೆ ಅಗೆಯುವ ಹೊತ್ತಿಗೆ, ಮನೆಮನೆಯ ಹಿಂದೆ ಒಣಗಿದ ಗಿಡ ಸುಡುವ ಹೊಗೆ ಏಳುತ್ತಿದ್ದಾಗ, ಗುಲ್ಬಾರ್ಚಿನ್ ಫೋನನ್ನು ಬಾವುಟದಂತೆ ಆಡಿಸುತ್ತ ಸಂಘದ ಕೋಣೆಗೆ ಬಂದಳು.

"ಬರ್ತಿದಾಳಂತೆ! ಕಾತ್ರಿನ್! ಮುಂದಿನ ವಾರ, ಕ್ಯಾಮೆರಾದವನನ್ನೂ ಕರ್ಕೊಂಡು. ನಮ್ಮ ಆಪಾ ಶುರುವಿಂದ ಕೊನೇವರೆಗೂ ಕೊಯ್ಯೋದನ್ನ ಸಿನಿಮಾ ತೆಗೀತಾಳಂತೆ."

ಕೋಣೆಯಲ್ಲಿ ಗದ್ದಲ ಎದ್ದಿತು. ಯಾರ ಮನೆಯಲ್ಲಿ ಕುರಿ ಕಡಿಯುವುದು, ಯಾರು ಪರದೆ ಒಗೆಯುವುದು. ಮೈರಮ್‌ಕುಲ್‌ಳ ಸೂಜಿ ಅವಳ ಬೆರಳಿಗೇ ನೆಟ್ಟಿತು. ಬೆರಳನ್ನು ಬಾಯಲ್ಲಿಟ್ಟುಕೊಂಡು ಗದ್ದಲ ಇಳಿಯಲಿ ಎಂದು ಕಾದಳು. ಅದು ಇಳಿಯದಾಗ ಹಾಗೆಯೇ ಹೇಳಿದಳು.

"ಆಪಾ ಈಗ ಕೊಯ್ತಿಲ್ಲ, ಎಜೆ."

"ಗೊತ್ತು ಕಣೇ. ಯಾರಿಗೆ ಗೊತ್ತಿಲ್ಲ?" ಗುಲ್ಬಾರ್ಚಿನ್ ದನಿ ಇಳಿಸಿದಳು. ಅವಳ ಇಳಿಸಿದ ದನಿ ಬೀದಿಗೆ ಕೇಳುತ್ತದೆ. "ಆಪಾ ಮಾತು ಹೇಳ್ಲಿ, ಗೀರು ಹಾಕ್ಲಿ. ಆಮೇಲೆ ಅಜ್ಜಿಗೆ ಸುಸ್ತಾಯ್ತು, ಊಟ ಮಾಡೋಣ ಬನ್ನಿ ಅಂತೀನಿ. ಅವರು ಮಾಂಸ ತಿಂತಿರೋವಾಗ ನೀನು ಕೊಯ್ದಿಡು. ಇದ್ರಲ್ಲಿ ಸುಳ್ಳೇನಿದೆ? ಯಾರು ಶುರು ಮಾಡಿದ್ರೋ ಅವರದೇ ಕೊಯ್ತ."

"ನಮಗೆ ಸುಳ್ಳಲ್ಲ. ಅಲ್ಲಿ ಕೊಂಡ್ಕೊಂಡವರಿಗೆ? ಅವರು ನಮ್ಮ ರೂಢಿ ಕೊಂಡಿಲ್ಲ, ಆಪಾ ಕೈ ಅಂತ ಕೊಂಡಿದಾರೆ. ಬರೆದೋಳು ನಾನು. ಆ ಅಂಗಡಿಯವರು ನನಗೆ ಮಾಡಿದ್ದನ್ನೇ ನಾನು ಅವರಿಗೆ ಮಾಡಿದೀನಿ."

"ಸರಿ, ಬದಲಾಯ್ಸು. ಬದಲಾಯ್ಸಿ ಏನಂತ ಬರೀತೀಯ? ನಿನ್ನ ಹೆಸರು ತಾನೇ?" ಗುಲ್ಬಾರ್ಚಿನ್ ಈಗ ನಿಜವಾಗಿಯೂ ಮೆಲ್ಲಗೆ ಹೇಳಿದಳು. "ಅತ್ತೆ ಕೈ ನಡುಗೋದನ್ನೇ ಕಾಯ್ತಿದ್ಲು, ನಡುಗಿದ ತಕ್ಷಣ ಹೆಸರು ಕಿತ್ಕೊಂಡ್ಲು ಅಂತಾರೆ. ನಾನು ಅನ್ನಲ್ಲ. ಓಣಿ ಅನ್ನುತ್ತೆ."

ಮೈರಮ್‌ಕುಲ್ ಶಾಲು ಹೊದ್ದು ಹೊರಗೆ ಬಂದಳು. ಮನೆಗೆ ಹೋಗಲಿಲ್ಲ. ಬಜಾರಿನ ತನಕ ನಡೆದಳು, ಏನೂ ಕೊಳ್ಳದೆ ತಿರುಗಿದಳು, ಕಾಲುವೆಯ ಸೇತುವೆಯ ಮೇಲೆ ನಿಂತಳು. ಗಾಳಿ ಶಾಲನ್ನು ಎಳೆಯುತ್ತಿತ್ತು. ಹೆಸರಿಗಾಗಿ ಹಲ್ಲುನೋವಿನಲ್ಲೂ ಜಗಳಾಡಿದ್ದವಳಿಗೆ ಈಗ ತನ್ನ ಹೆಸರು ಬರೆಯುವುದೇ ಕಳ್ಳತನದಂತೆ ಕಾಣುತ್ತಿತ್ತು. ಬರೆಯದಿದ್ದರೆ ಅದೂ ಕಳ್ಳತನ. ಸೇತುವೆಯ ಮೇಲಿಂದಲೇ ಎಮಿಲ್‌ಗೆ ಫೋನು ಮಾಡಿದಳು.

"ಒಂದು ಸಾಲು ತಪ್ಪಾಗಿದೆ. ತೆಗೀಬಹುದಾ?"

"ಯಾವುದು?"

"ಯಾವುದಾದ್ರೂ ಆಗ್ಲಿ. ತೆಗೀಬಹುದಾ ಹೇಳು."

ಅವನು ನಕ್ಕ. ಒಳ್ಳೆಯ ಹುಡುಗ. ನಗುವಿನಲ್ಲಿ ಚುಚ್ಚು ಇರಲಿಲ್ಲ. "ಎಜೆ, ನಿಮ್ಮ ಕೈಲೂ ಆಗ್ಬಾರ್ದು ಅಂತ ನೀವೇ ತಾನೇ ಎದ್ದು ನಿಂತು ಹೇಳಿದ್ದು? ಅಳಿಸಕ್ಕಾಗಲ್ಲ. ಕೆಳಗೆ ಇನ್ನೊಂದು ಸಾಲು ಸೇರಿಸ್ಬಹುದು. ಹಳೇದು ಅಲ್ಲೇ ಇರುತ್ತೆ, ಹೊಸದೂ ಇರುತ್ತೆ. ಎರಡನ್ನೂ ಎಲ್ಲರೂ ನೋಡ್ತಾರೆ."

"ತಪ್ಪು ಮಾಡಿದ್ದೂ ಕಾಣುತ್ತಾ?"

"ಕಾಣುತ್ತೆ."

ಆ ವಾರ ಅವಳು ಮನೆಯ ಎಲ್ಲ ಕಂಬಳಿಗಳನ್ನೂ ಹೊರಗೆ ಹಾಕಿ ಬಡಿದಳು. ಬೆಳಿಗ್ಗೆ ಗುಡಿಸಿದ ಅಂಗಳವನ್ನು ಮಧ್ಯಾಹ್ನ ಮತ್ತೆ ಗುಡಿಸಿದಳು. ರೊಟ್ಟಿ ಒಂದು ಕಡೆ ಕರಟಿತು. ಜೋಲ್ದೋಶ್ ಕರಟಿದ ಕಡೆಯಿಂದಲೇ ಮುರಿದು ಬಾಯಿಗಿಡುತ್ತ, ತಾಯಿ ಅಂಗಳದಲ್ಲಿರುವುದನ್ನು ಕಿಟಕಿಯಿಂದ ನೋಡಿ ಖಾತ್ರಿ ಮಾಡಿಕೊಂಡು, "ಅಮ್ಮನಿಗೆ ಮಾತ್ರ ಹೇಳ್ಬೇಡ," ಎಂದ. "ಅವರ ಜೀವಮಾನದಲ್ಲಿ ಇರೋದು ಆ ಕೈ ಒಂದೇ. ಅದೂ ಹೋಯ್ತು ಅಂತ ನಮ್ಮ ಬಾಯಿಂದ ಕೇಳೋದು ಬೇಡ."

"ಕ್ಯಾಮೆರಾ ಬಂದಾಗ ಗೊತ್ತಾಗಲ್ವಾ?"

"ಆಗ ನಾನು ಬಿಷ್ಕೆಕ್‌ನಲ್ಲಿರ್ತೀನಿ," ಎಂದ ಅವನು. ತಮಾಷೆಗೆ ಹೇಳಿದ್ದು. ಆದರೆ ವ್ಯಾನಿನ ಕೀಲಿಯನ್ನು ಆಗಲೇ ಜೇಬಿಗೆ ಹಾಕಿಕೊಂಡಿದ್ದ.

ಕಾತ್ರಿನ್ ಬರುವ ದಿನ ಹತ್ತಿರವಾಗುತ್ತಿತ್ತು. ಒಂದು ಬೆಳಿಗ್ಗೆ ಆಪಾ ಹೊಸ್ತಿಲ ಬಿಸಿಲಿನಲ್ಲಿ ಕೂತು ಉಣ್ಣೆಯಿಂದ ಕಸ ಆರಿಸುತ್ತಿದ್ದರು. ಮೈರಮ್‌ಕುಲ್ ಬಕೆಟ್ಟು ಹಿಡಿದು ಅವರನ್ನು ದಾಟಿ ಹೋದಳು, ಬಂದಳು, ಮತ್ತೆ ಹೋದಳು.

"ನೀರೇ ಇಲ್ಲದ ಬಕೆಟ್ಟು ಹೊತ್ಕೊಂಡು ಎಷ್ಟು ಸಲ ಓಡಾಡ್ತೀಯ? ಕೂತ್ಕೋ," ಎಂದರು ಆಪಾ.

ಅವಳು ಕೂರಲಿಲ್ಲ. ಬಕೆಟ್ಟನ್ನು ಕೆಳಗಿಟ್ಟು, ಫೋನಿನಲ್ಲಿ ಆ ಕೆಂಪು ನೀಲಿ ಶಿರ್ದಾಕಿನ ಚಿತ್ರವನ್ನು ದೊಡ್ಡದು ಮಾಡಿ ಅತ್ತೆಯ ಮುಂದೆ ಹಿಡಿದಳು. ಆಪಾ ಕತ್ತು ಹಿಂದೆ ಸರಿಸಿ ನೋಡಿದರು.

"ನಿನ್ನ ಕೊಂಬು."

"ಹೌದು ಆಪಾ."

"ವಾಲಿದೆ."

"ಹೌದು."

"ಕೆಳಗೆ ಸಣ್ಣದಾಗಿ ಏನೋ ಬರ್ದಿದೆಯಲ್ಲ, ಅದೇನು?"

"ಯಾರು ಕೊಯ್ದಿದ್ದು ಅಂತ."

"ಓದು."

ಮೈರಮ್‌ಕುಲ್ ಬಾಯಿ ತೆರೆದಳು. ಹೆಸರು ಬರಲಿಲ್ಲ. ಇಷ್ಟು ವರ್ಷ ಆ ಮನೆಯಲ್ಲಿ ಬಾಳಿ ಒಮ್ಮೆಯೂ ನಾಲಿಗೆಗೆ ತಾರದ ಹೆಸರು ಅದು.

"ಓದೇ. ನನ್ನ ಕಣ್ಣಿಗೆ ಇರುವೆ ಸಾಲಿನ ಹಾಗೆ ಕಾಣುತ್ತೆ."

"ಸೈರಾಕಾನ್," ಎಂದಳು ಅವಳು. ದನಿ ಎಷ್ಟು ಸಣ್ಣದಾಗಿತ್ತೆಂದರೆ ಅಂಗಳದ ಕೋಳಿ ಕೂಡ ತಲೆ ಎತ್ತಲಿಲ್ಲ. ಆಪಾರ ಕೈ ಉಣ್ಣೆಯಲ್ಲಿ ನಿಂತಿತು. ಸೊಸೆ ತಮ್ಮ ಹೆಸರು ಹೇಳಿದ್ದಕ್ಕೆ ಬೈಯುತ್ತಾರೆಂದು ಮೈರಮ್‌ಕುಲ್ ಕಾದಳು. ಅದರ ಬದಲು ಅವರು ಫೋನನ್ನು ಕಿತ್ತುಕೊಂಡು ಕಣ್ಣಿಗೆ ತೀರ ಹತ್ತಿರ ಹಿಡಿದರು.

"ಇದನ್ನ? ಈ ಸೊಟ್ಟ ಕೊಂಬನ್ನ ನಾನು ಕೊಯ್ದೆ ಅಂತ?"

"ಆಪಾ, ನೀವು ಮಾತು ಹೇಳಿದ್ರಿ, ಗೀರು ಹಾಕಿದ್ರಿ, ಅದಕ್ಕೇ..."

"ಏನು ಹೇಳ್ದೆ ನಾನು? ನನ್ನ ಕೈ ಅಲ್ಲ ಅಂತ ತಾನೇ ಹೇಳಿದ್ದು? ಬಾಯಿ ಬಿಟ್ಟು, ಎಲ್ಲರ ಮುಂದೆ ಹೇಳಿದ್ದೀನಿ! ನೀನು ಹೋಗಿ ನನ್ನ ಕೈ ಅಂತ ಬರೆದಿದೀಯ!" ಆಪಾ ಎದ್ದುಬಿಟ್ಟರು. ಮಡಿಲಿನ ಉಣ್ಣೆ ಹೊಸ್ತಿಲ ತುಂಬ ಚೆಲ್ಲಿತು. "ಯಾವ ಊರು ಅಂದೆ ಅದು? ಅಲ್ಲಿ ಜನ ಇದನ್ನ ನೆಲದ ಮೇಲೆ ಹಾಸ್ಕೊಂಡು, ನೋಡಿ, ಸೈರಾಕಾನ್ ಅನ್ನೋಳು ಹೀಗೆ ಕೊಯ್ತಾಳೆ ಅಂತ ತೋರಿಸ್ತಿದಾರಾ? ಅಯ್ಯೋ ನನ್ನ ಕರ್ಮವೇ! ಎಷ್ಟು ಇಂಥವು ಹೋಗಿವೆ?"

ಮೈರಮ್‌ಕುಲ್‌ಗೆ ಅಳು ಬಂತೋ ನಗು ಬಂತೋ ಅವಳಿಗೇ ತಿಳಿಯಲಿಲ್ಲ. "ಬೇಸಿಗೇವರೆಗೆ ಹೋಗಿದ್ದೆಲ್ಲ," ಎಂದಳು.

ಆಪಾ ಮತ್ತೆ ಕೂತರು. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡರು. ಅದು ಅಲ್ಲಿಯೂ ನಡುಗಿತು.

"ಈ ಕೈ ಹೀಗಾಗಿದ್ದು ಮುಚ್ಚಿಡ್ಬೇಕು ಅಂತ ಅಲ್ವಾ ನೀವೆಲ್ಲ? ರೇಡಿಯೋ ಯಾಕೆ ಕಿರುಚುತ್ತೆ ಅಂತ ಗೊತ್ತಿಲ್ಲ ಅಂದ್ಕೊಂಡಿದೀರಾ? ನೀನು ಬಟ್ಟಲಿಗೆ ಒಂದು ಗುಟುಕು ಹುಯ್ಯೋದೂ ಗೊತ್ತು. ಚಳಿಗಾಲದಿಂದ ಬಾಯಾರಿಕೆ ನನಗೆ."

"ಹೆಸರು ಬದಲಾಯ್ಸಿದ್ರೆ, ನಾನು ಕಿತ್ಕೊಂಡೆ ಅಂತಾರೆ, ಆಪಾ."

"ಅನ್ನಲಿ. ನನ್ನನ್ನ ಬಂದು ಕೇಳ್ಲಿ. ನಾನು ಕೊಯ್ದಿದ್ದಕ್ಕೆ ನನ್ನ ಹೆಸರಿರಲಿ, ಒಂದನ್ನೂ ಬಿಟ್ಕೊಡಲ್ಲ. ನಿನ್ನ ಸೊಟ್ಟಕ್ಕೆ ನೀನೇ ಉತ್ತರ ಕೊಡು." ಚೆಲ್ಲಿದ ಉಣ್ಣೆಯನ್ನು ಮಡಿಲಿಗೆ ಎಳೆದುಕೊಳ್ಳುತ್ತ ಹೇಳಿದರು, "ಈಗ ಹೋಗಿ ಚಹಾ ತಾ. ಬಟ್ಟಲಲ್ಲಿ ಕಾಣೋ ಹಾಗೆ ಹುಯ್ಯಿ."

ಚಹಾ ಕೊಟ್ಟ ಮೇಲೆ ಮೈರಮ್‌ಕುಲ್ ಒಳಗೆ ಹೋಗಿ ಬಾಗಿಲಿಗೆ ಒರಗಿ ನಿಂತು ಬರೆದಳು. ಮೊದಲ ಗೀರು, ಸೈರಾಕಾನ್. ಉಳಿದ ಕೊಯ್ತವೆಲ್ಲ, ಮೈರಮ್‌ಕುಲ್. ಮೊದಲು ತಪ್ಪಾಗಿ ಬರೆದವಳು, ಮೈರಮ್‌ಕುಲ್. ಆ ಕೊನೆಯ ಮಾತನ್ನು ಬರೆ ಎಂದು ಯಾರೂ ಹೇಳಿರಲಿಲ್ಲ. ಒಂದು ಶಿರ್ದಾಕಿನ ಕೆಳಗೆ ಬರೆದು, ಮುಂದಿನದಕ್ಕೆ ಹೋಗಿ, ಅದರ ಕೆಳಗೂ ಬರೆದಳು. ಪ್ರತಿ ಸಲವೂ ಕಳುಹಿಸುವ ಮೊದಲು ಹೆಬ್ಬೆರಳು ಗಾಳಿಯಲ್ಲಿ ನಿಂತಿತು, ಹಿಂದೆಂದೂ ನಿಲ್ಲದಿದ್ದದ್ದು. ಹೊರಗೆ ಅತ್ತೆಯ ಬಟ್ಟಲು ಹೊಸ್ತಿಲ ಕಲ್ಲಿಗೆ ತಾಗಿ ಸದ್ದು ಮಾಡುತ್ತಿತ್ತು.

ಸಂಜೆಯೊಳಗೆ ಗುಲ್ಬಾರ್ಚಿನ್ ಅಂಗಳಕ್ಕೆ ಬಂದು ನಿಂತಳು. "ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ? ಅವಳು ಬರೋದೇ ಬಿಟ್ರೆ? ಎಲ್ಲಾ ವಾಪಸ್ ಕಳಿಸಿದ್ರೆ? ಈ ಹೆಂಗಸರಿಗೆ ಏನು ಹೇಳ್ಲಿ ನಾನು?"

"ನಾನು ಬರೆದೆ ಅಂತ ಹೇಳಿ."

"ಹೇಳ್ಬೇಕಾ? ಅಲ್ಲೇ ಬರ್ಕೊಂಡಿದೀಯಲ್ಲ, ತಪ್ಪು ಮಾಡಿದೋಳು ನಾನು ಅಂತ, ಇಡೀ ಲೋಕಕ್ಕೆ!" ಎಂದು ಗೇಟನ್ನು ಅಪ್ಪಳಿಸಿ ಹೋದಳು. ಕೆಲವು ದಿನ ಬಜಾರಿನಲ್ಲಿ ಎದುರಾದರೂ ಮುಖ ತಿರುಗಿಸಿದಳು. ಸಂಘದ ಕೋಣೆಗೆ ಮೈರಮ್‌ಕುಲ್ ಹೋದಾಗ ಮಾತು ನಿಲ್ಲುತ್ತಿತ್ತು. ನೀರಿನ ನಲ್ಲಿಯ ಬಳಿ ಯಾರೋ, "ಈಗ ಅತ್ತೆ ತಲೆವಸ್ತ್ರಾನೂ ಇವಳೇ ಹಾಕ್ಕೋತಾಳೇನೋ," ಎಂದದ್ದು ಕಿವಿಗೆ ಬಿತ್ತು. ಅವಳು ಕೊಡ ತುಂಬುವ ಮೊದಲೇ ಎತ್ತಿಕೊಂಡು ಬಂದಳು.

ಅದೇ ಸಂಜೆ ಮೈರಮ್‌ಕುಲ್ ಕಾತ್ರಿನ್‌ಗೂ ನಡೆದದ್ದನ್ನು ಬರೆದು ಕಳುಹಿಸಿದ್ದಳು. ಕಾತ್ರಿನ್‌ಳ ಉತ್ತರ ಚಿಕ್ಕದಾಗಿತ್ತು. ಹೇಳಿದ್ದಕ್ಕೆ ವಂದನೆ. ಕೊಂಡವರಿಗೆಲ್ಲ ನಾನು ತಿಳಿಸಬೇಕು. ಇಟ್ಟುಕೊಳ್ಳುವುದೋ ಬಿಡುವುದೋ ಅವರಿಗೆ ಬಿಟ್ಟದ್ದು. ಬರುವುದು ಬರುತ್ತೇನೆ. ಇಷ್ಟೇ. ಅದರಲ್ಲಿ ಸಿಟ್ಟು ಇತ್ತೋ ಇಲ್ಲವೋ ಎಂದು ಮೈರಮ್‌ಕುಲ್ ಅದನ್ನು ಎಷ್ಟು ಸಲ ಓದಿದರೂ ತಿಳಿಯಲಿಲ್ಲ. ಜೋಲ್ದೋಶ್‌ಗೂ ಓದಿ ಹೇಳಿದಳು. "ಜರ್ಮನ್ನರು ಸಿಟ್ಟಲ್ಲೂ ಹೀಗೇ ಬರೀತಾರೆ, ಪ್ರೀತೀಲೂ ಹೀಗೇ ಬರೀತಾರೆ," ಎಂದ ಅವನು, ಜರ್ಮನ್ನರನ್ನು ವ್ಯಾನಿನ ಕನ್ನಡಿಯಲ್ಲಷ್ಟೇ ಕಂಡವನು.

ಕಾತ್ರಿನ್ ಬಂದಳು. ಎತ್ತರದ, ಕಡಿಮೆ ಮಾತಿನ ಹೆಂಗಸು. ಜೊತೆಗೆ ಕ್ಯಾಮೆರಾದವನೊಬ್ಬ, ಮಾತನ್ನು ಅನುವಾದಿಸಿ ಹೇಳಲು ಬಿಷ್ಕೆಕ್‌ನ ಹುಡುಗಿಯೊಬ್ಬಳು. ಗುಲ್ಬಾರ್ಚಿನ್ ಹೊಸ ಶಾಲು ಹೊದ್ದು ಬಾಗಿಲಲ್ಲೇ ನಿಂತು ಎಲ್ಲರನ್ನೂ ಬರಮಾಡಿಕೊಂಡಳು, ಮೈರಮ್‌ಕುಲ್‌ಳನ್ನು ಬಿಟ್ಟು. ಓಣಿಯ ಹೆಂಗಸರೆಲ್ಲ ಗೋಡೆಗೆ ಒತ್ತಿಕೊಂಡು ನಿಂತರು. ಜೋಲ್ದೋಶ್ ಬಿಷ್ಕೆಕ್‌ಗೆ ಹೋಗಿರಲಿಲ್ಲ. ಎಲ್ಲರ ಹಿಂದೆ, ಕೋಟಿನ ಗೂಟದ ಕೆಳಗೆ ನಿಂತಿದ್ದ.

ಕಂದು ಮತ್ತು ಬಿಳಿ ಹಾಸುಗಳನ್ನು ಒಂದರ ಮೇಲೊಂದು ಹರಡಿದ್ದರು. ಆಪಾ ಮಂಡಿಯೂರಿ ಬಲಗೈಯನ್ನು ಅದರ ಮೇಲಿಟ್ಟರು. ನಡುಕ ಎಲ್ಲರಿಗೂ ಕಂಡಿತು, ಕ್ಯಾಮೆರಾಕ್ಕೂ ಕಂಡಿತು. ಗೋಡೆಯ ಬಳಿ ಯಾರೋ ಕೆಮ್ಮಿದರು. "ನನ್ನ ಕೈಯಲ್ಲ, ಉಮಾಯ್ ತಾಯಿಯ ಕೈ," ಎಂದರು ಆಪಾ. ಮೊದಲ ಗೀರು ಬಿತ್ತು. ಕೊನೆಯಲ್ಲಿ ಅದು ಸ್ವಲ್ಪ ಹರಿದಂತಾಯಿತು. ಅವರು ಅದನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದರು. ಆಮೇಲೆ ಚಾಕುವನ್ನು ತಿರುಗಿಸಿ ಸೊಸೆಗೆ ಕೊಟ್ಟರು. ಈ ಸಲ ಒಲೆಯ ಕಡೆ ಹೋಗಲಿಲ್ಲ. ಅಲ್ಲೇ, ಅವಳ ಮೊಣಕೈಗೆ ತಾಗುವಷ್ಟು ಹತ್ತಿರ ಕೂತರು.

"ಎಡಕ್ಕೆ ಹೋಗ್ತಿದೆ," ಎಂದರು ಮೊದಲ ತಿರುವಿನಲ್ಲೇ. "ಎಡಕ್ಕೆ, ಎಡಕ್ಕೆ! ಟಗರು ತಲೆ ಎತ್ತುತ್ತೆ ಕಣೇ, ಕುಡಿದವನ ಹಾಗೆ ವಾಲಲ್ಲ. ಉಸಿರು ಬಿಡು. ಉಸಿರು ಹಿಡಿದು ಕೊಯ್ತಾರಾ ಯಾರಾದ್ರೂ?"

ಬಿಷ್ಕೆಕ್‌ನ ಹುಡುಗಿ ಎಲ್ಲವನ್ನೂ ಕಾತ್ರಿನ್‌ಳ ಕಿವಿಯಲ್ಲಿ ಅನುವಾದಿಸಿ ಹೇಳುತ್ತಿದ್ದಳು. ಕುಡಿದವನ ಮಾತಿಗೆ ಬಂದಾಗ ಕಾತ್ರಿನ್ ತುಟಿ ಕಚ್ಚಿಕೊಂಡಳು. ಮೈರಮ್‌ಕುಲ್ ತಲೆ ಎತ್ತಲಿಲ್ಲ. ಚಾಕು ನಡೆಯುತ್ತಿತ್ತು, ಎರಡು ಹಾಸುಗಳೂ ಒಟ್ಟಿಗೇ ಬಾಯಿಬಿಡುತ್ತಿದ್ದವು. ಕೊನೆಯ ಕೊಂಬು ಬಿಡಿಯಾದಾಗ ಆಪಾ ಅದನ್ನು ಎತ್ತಿ ಬೆಳಕಿಗೆ ಹಿಡಿದರು. ಒಳ್ಳೆಯದು ಎನ್ನಲಿಲ್ಲ. "ಹೊಲೀರಿ," ಎಂದರು.

ಊಟದ ಮೊದಲು ಕಾತ್ರಿನ್ ಮೈರಮ್‌ಕುಲ್‌ಳ ಪಕ್ಕ ಬಂದು ಕೂತಳು. ಹಲವರು ಇಟ್ಟುಕೊಂಡಿದ್ದಾರೆ, ಕೆಲವರು ಹಿಂದಕ್ಕೆ ಕಳುಹಿಸುತ್ತಿದ್ದಾರೆ ಎಂದಳು. ಮುಂದಿನ ವರ್ಷಕ್ಕೆ ಎಷ್ಟು ತರಿಸಬಹುದು ಎಂದು ಈಗಲೇ ಹೇಳಲಾರೆ. ಬಹುಶಃ ಕಡಿಮೆ. ಆಮೇಲೆ ಏನನ್ನೋ ಕೇಳಿದಳು. ಹುಡುಗಿ ಅನುವಾದಿಸಿದಳು. "ಹಳೇ ಸಾಲು ಹಾಗೇ ಇರುತ್ತಲ್ಲ, ನಿಮಗೆ ನಾಚಿಕೆ ಆಗಲ್ವಾ ಅಂತ ಕೇಳ್ತಿದಾರೆ, ಎಜೆ."

"ಆಗುತ್ತೆ ಅಂತ ಹೇಳು," ಎಂದು ಮೈರಮ್‌ಕುಲ್ ರೊಟ್ಟಿ ತರಲು ಎದ್ದಳು.

ಹಿಂದಿರುಗಿದ ಶಿರ್ದಾಕುಗಳು ಮೊದಲ ಹಿಮ ಬಿದ್ದ ಮೇಲೆ ಜೋಲ್ದೋಶ್‌ನ ವ್ಯಾನಿನ ಹಿಂದಿನ ಸೀಟಿನಲ್ಲಿ ಪ್ರಯಾಣಿಕರಂತೆ ಕೂತು ಬಂದವು. ಇಳಿಸಿಕೊಳ್ಳಲು ಗುಲ್ಬಾರ್ಚಿನ್ ತಾನಾಗಿಯೇ ಬಂದಳು. ಭಾರದ ಕಡೆಯನ್ನು ತಾನೇ ಹಿಡಿದಳು. ಗೇಟಿನ ಬಳಿ ಮಾತ್ರ, "ಸಂಘದ ಕೋಣೇಲಿ ಇವಕ್ಕೆ ಜಾಗ ಇದೆ. ಒಂದನ್ನ ನೀವೇ ಇಟ್ಕೊಳಿ, ನಿಮ್ಮನೆ ನೆಲ ತಣ್ಣಗಿರುತ್ತೆ," ಎಂದಳು.

ಆ ಕೆಂಪು ನೀಲಿಯದೇ ಉಳಿಯಿತು. ಆಪಾ ಅದನ್ನು ಒಲೆಯ ಪಕ್ಕ ಹಾಸಿಸಿ ಅದರ ಮೇಲೆ ಕೂರುತ್ತಾರೆ. ಎಷ್ಟೋ ಸಲ ನಡುಗುವ ಬೆರಳನ್ನು ಕೊಂಬಿನ ಅಂಚಿನಲ್ಲಿ ಓಡಿಸುತ್ತಾರೆ. ವಾಲಿದ ಕಡೆಗೆ ಬಂದಾಗ ಬೆರಳು ನಿಲ್ಲುತ್ತದೆ, ಗಂಟಲಲ್ಲಿ ಏನೋ ಗೊಣಗು, ಮತ್ತೆ ಮುಂದೆ ಹೋಗುತ್ತದೆ. ಬಟ್ಟಲು ಮೇಜಿಗೆ ತಾಗಿ ಸದ್ದು ಮಾಡುತ್ತದೆ. ರೇಡಿಯೋ ತನ್ನ ಪಾಡಿಗೆ ಮೆಲ್ಲಗಿರುತ್ತದೆ.

ಅದು ಬಂದ ದಿನ ಫೋನು ಮತ್ತೊಂದು ಸಾಲು ಕೇಳಿತ್ತು, ಈ ಶಿರ್ದಾಕ್ ಈಗ ಯಾರ ಬಳಿ ಇದೆ ಎಂದು. ಮೈರಮ್‌ಕುಲ್ ಒಲೆಯ ಕಡೆ ನೋಡಿ, ನಿಂತಲ್ಲೇ ಬರೆದಳು. ಸೈರಾಕಾನ್. ಬರೆಯುವಾಗ ತುಟಿ ಕೂಡ ಅಲುಗಿತು.

"ಏನು ಗೊಣಗ್ತಿದೀಯ?" ಎಂದರು ಆಪಾ.

"ಏನಿಲ್ಲ."

"ಏನಿಲ್ಲ ಅಂದ್ರೆ ಕೂತ್ಕೋ."

ಅವಳು ಕೂತಳು. ಒಂದು ಮೊಣಕಾಲು ನೆಲ ಬಿಟ್ಟೇ ಇತ್ತು.